ಒಡಿ ಗಂಗಮ್ಮನ ಒಗರು ಪಟಿಕ

ಕೋಳಿ ಕೂಗಿ ಹೆಚ್ಚು ಹೊತ್ತಾಗಿಲ್ಲ. ಔಷಧಾಲಯದ ಹಿತ್ತಲಿನಲ್ಲಿ ಮೂರು ಕಲ್ಲಿನ ಒಲೆ ಹತ್ತಿಕೊಂಡಿದೆ. ಒಲೆಯ ಮೇಲೆ ಮಸಿ ಹಿಡಿದ ತಪ್ಪಲೆ, ಕುದಿಯುವ ನೀರು, ನೀರಿನಲ್ಲಿ ಹಲ್ಲು ಕೀಳುವ ಇಕ್ಕಳಗಳು. ದೊಡ್ಡಗಂಗಮ್ಮ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಇಕ್ಕಳವನ್ನು ಕೋಲಿನಿಂದ ಎತ್ತಿ, ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಸುತ್ತಿ, ತಟ್ಟೆಯಲ್ಲಿ ಮಲಗಿಸುತ್ತಾಳೆ. ಒಂದಕ್ಕೊಂದು ತಾಗದ ಹಾಗೆ ನಡುವೆ ಇನ್ನೊಂದು ಮಡಿಕೆ ಬಟ್ಟೆ ಇಡುತ್ತಾಳೆ. ಬಾಣಂತಿ ಕೂಸಿಗೂ ಇಷ್ಟು ಉಪಚಾರ ಇರಲಾರದು ಎಂದು ನಾನು ಚೇಷ್ಟೆ ಮಾಡಿದೆ.

"ಸದ್ದು ಬರಬಾರ್ದು ಸ್ವಾಮಿ," ಎನ್ನುತ್ತಾಳೆ ಆಕೆ, ಕಣ್ಣಿಗೆ ಬಂದ ಹೊಗೆಯನ್ನು ಸೆರಗಿನಿಂದ ಒರೆಸಿಕೊಂಡು. "ಮಕ್ಳು ನೋವಿಗಿಂತ ಮುಂಚೆ ಸದ್ದಿಗೆ ಹೆದರ್ತವೆ. ತಟ್ಟೇಲಿ ಟಣ್ ಅಂದ್ರೆ ಸಾಕು, ಬಾಯಿ ಮುಚ್ಕೊಂಡ್ಬಿಡ್ತವೆ. ಆಮೇಲೆ ದೇವ್ರೇ ಬಂದು ಕೇಳಿದ್ರೂ ತೆಗಿಯಲ್ಲ."

ಹೋಳೂರು ದಾಟಿ ಶ್ರೀನಿವಾಸಪುರದ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ಈ ಸಣ್ಣ ಔಷಧಾಲಯ ಇದೆ. ದೊಡ್ಡಗಂಗಮ್ಮನನ್ನು ಇಲ್ಲಿ ನೇಮಿಸಿಕೊಂಡದ್ದು ಕಸ ಗುಡಿಸಲಿಕ್ಕೆ, ನೀರು ಹೊರಲಿಕ್ಕೆ. ಆದರೆ ಸುತ್ತಲ ಹಳ್ಳಿಗಳು ಆಕೆಯನ್ನು ಬಲ್ಲದ್ದು ಬೇರೆ ಕೆಲಸಕ್ಕೆ. ಮಕ್ಕಳ ಹಲ್ಲು ನೋಡುವಾಗ, ಕೀಳುವಾಗ, ವಸಡಿನ ಕೀವು ತೆಗೆಯುವಾಗ ಮಗು ಮಲಗುವುದು ಈಕೆಯ ಮಡಿಲಿನಲ್ಲಿ. ಡಾಕ್ಟರ ಕೈ ಬಾಯಿಯೊಳಗೆ ಇರುತ್ತದೆ, ಗಂಗಮ್ಮನ ಎರಡು ಅಂಗೈ ಮಗುವಿನ ಎರಡು ಕಿವಿಯ ಮೇಲಿರುತ್ತವೆ.

ಪತ್ರಿಕೆಗೆ ಈಕೆಯ ಬಗ್ಗೆ ಬರೆಯಲೆಂದು ಹಿಂದಿನ ದಿನ ಬೆಂಗಳೂರಿನಿಂದ ಬರುವಾಗ ಬಸ್ಸಿನಲ್ಲಿ ಒಬ್ಬ ಅಜ್ಜಿ, "ಒಡಿ ಗಂಗಮ್ಮನ್ ತಾವ ಹೋಗ್ತೀರಾ?" ಎಂದಾಗ ನನ್ನ ಎದೆ ಧಸಕ್ಕೆಂದಿತ್ತು. ಹಕಾರ ನುಂಗುವ ನಮ್ಮ ಬಾಯಿಗೆ ಒಡಿ ಎಂದರೆ ಹೊಡಿ. ಹಲ್ಲಿನ ಆಸ್ಪತ್ರೆಯಲ್ಲಿ ಹೊಡಿಯುವ ಗಂಗಮ್ಮ ಎಂದರೆ ಯಾರಿಗೆ ತಾನೆ ಧೈರ್ಯ ಬಂದೀತು? ಆಮೇಲೆ ತಿಳಿಯಿತು, ತೆಲುಗಿನಲ್ಲಿ ಒಡಿ ಎಂದರೆ ಮಡಿಲು. ಎರಡು ಭಾಷೆ ಒಂದೇ ಬಾಯಲ್ಲಿ ಸಂಸಾರ ಮಾಡುವ ಸೀಮೆ ಇದು. ಒಂದು ಪದ ತಪ್ಪು ಕಿವಿಗೆ ಬಿದ್ದರೆ ನಗೆಪಾಟಲು ಆಗುತ್ತದೆ ಎಂದುಕೊಂಡು ಅಜ್ಜಿಯ ಜೊತೆ ನಾನೂ ನಕ್ಕೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ನಗು ನನ್ನ ಮುಖದಲ್ಲಿ ಉಳಿದಿರಲಿಲ್ಲ.

ನನ್ನ ಮನೆಯಲ್ಲೂ ಆರು ವರ್ಷದವಳೊಬ್ಬಳು ಇದ್ದಾಳೆ, ಅವಳ ದವಡೆ ಹಲ್ಲಿನಲ್ಲೂ ಒಂದು ಕಪ್ಪು ಚುಕ್ಕಿ ಇದೆ. ಆದ್ದರಿಂದ ಈ ಬರಹದಲ್ಲಿ ದಿಗಿಲು ಸ್ವಲ್ಪ ಹೆಚ್ಚಾಗಿ ಕಂಡರೆ ಓದುಗರು ಮನ್ನಿಸಬೇಕು.

ಗಂಗಮ್ಮ ಹುಟ್ಟಿದ್ದು ಮುಳಬಾಗಿಲಿನ ಆಚೆ, ಆಂಧ್ರ ಸೀಮೆಯ ಗಡಿಗೆ ಅಂಟಿದ ಹಳ್ಳಿಯಲ್ಲಿ. ಕೊಟ್ಟದ್ದು ಮಾಲೂರಿನ ಲಕ್ಕೂರಿಗೆ. ಅತ್ತೆಯ ಬೈಗುಳದಲ್ಲಿ ಕನ್ನಡ ಕಲಿತೆ ಎನ್ನುತ್ತಾಳೆ. ಗಂಡ ಗಂಗುಲಪ್ಪ ರಸ್ತೆ ಕೆಲಸಕ್ಕೆಂದು ಈ ಕಡೆ ಬಂದಾಗ ಹಿಂದೆಯೇ ಬಂದಳು. ಇಲ್ಲಿನ ಡಾಕ್ಟರು ಕೋದಂಡರಾಮಪ್ಪನವರು ಮೈಸೂರು ಕಡೆಯವರು, ಕೈಗುಣ ಒಳ್ಳೆಯದು, ಮಾತು ಕಡಿಮೆ. ತೆಲುಗು ಅರ್ಥವಾಗುತ್ತದೆ, ನಾಲಿಗೆ ಹೊರಳುವುದಿಲ್ಲ. ಬರುವವರಲ್ಲಿ ಮುಕ್ಕಾಲು ಪಾಲು ತೆಲುಗಿನವರು. ಹೀಗಾಗಿ ಡಾಕ್ಟರ ಮಾತು ಹಳ್ಳಿಗೆ ತಲುಪುವುದು ಗಂಗಮ್ಮನ ಬಾಯಿಂದ.

ಆಕೆಯ ಬೆರಳುಗಳನ್ನು ನೋಡಬೇಕು. ತೋರುಬೆರಳು, ಹೆಬ್ಬೆರಳು, ಅಂಗೈಯ ಅಂಚು, ಎಲ್ಲೆಲ್ಲೂ ಪುಟ್ಟ ಪುಟ್ಟ ಹಲ್ಲಿನ ಗುರುತು. ಮೊದಮೊದಲು ಕೆಲವು ಮನೆಯವರು ಮಗುವನ್ನು ಈಕೆಯ ಮಡಿಲಿನಲ್ಲಿ ಮಲಗಿಸಲು ಒಪ್ಪುತ್ತಿರಲಿಲ್ಲವಂತೆ. ಈಗಲೂ ಒಂದಿಬ್ಬರು ಮನೆಗೆ ಹೋಗಿ ಮಗುವಿಗೆ ತಲೆಗೆ ನೀರು ಹಾಕುತ್ತಾರೆ. "ಹಾಕ್ಕೊಳ್ಲಿ ಬಿಡಿ," ಎನ್ನುತ್ತಾಳೆ. "ಹಲ್ಲು ನೋವು ಬಂದ್ ಮೇಲೆ ಮಡಿ ಮೈಲಿಗೆ ಎಲ್ಲಾ ಓಡೋಗ್ತದೆ. ನೋವು ಹೋದ್ ಮೇಲೆ ವಾಪಸ್ ಬರ್ತದೆ. ಮಗು ಉಳೀತಲ್ಲಾ."

ಬಿಸಿಲು ಏರುವ ಹೊತ್ತಿಗೆ ಜಗಲಿ ತುಂಬಿದೆ. ಮೊದಲು ಬಂದವನು ಆಂಜಿನಪ್ಪ, ಗರಡಿ ಮೈಯವನು, ಎತ್ತಿನಂತಹ ಕತ್ತು. ಕಂಕುಳಲ್ಲಿ ಅಕ್ಕನ ಕೂಸು. ಕೂಸಿಗೆ ಏನೂ ಆಗಿಲ್ಲ, ನಗುತ್ತಿದೆ. ಬೆವರುತ್ತಿರುವವನು ಇವನು. ಕೂಸಿಗೆ ಮೇಲಿನ ಹಲ್ಲು ಮೊದಲು ಮೂಡಿದೆ, ಹಾಗೆ ಮೂಡಿದರೆ ಸೋದರಮಾವನಿಗೆ ಆಗದು ಎಂಬುದು ಇಲ್ಲಿನ ನಂಬಿಕೆ. ಆ ಒಂದು ಹಲ್ಲನ್ನು ಕಿತ್ತುಹಾಕಿ ಎನ್ನುವುದು ಆಂಜಿನಪ್ಪನ ಅಹವಾಲು.

"ಏನ್ಲಾ, ಇಷ್ಟು ದೊಡ್ಡ ಆಳು, ಅಕ್ಕಿ ಕಾಳಷ್ಟು ಹಲ್ಲಿಗೆ ಹೆದರ್ತೀಯಾ?" ಎಂದು ಗಂಗಮ್ಮ ಕೂಸನ್ನು ತೆಗೆದುಕೊಳ್ಳುತ್ತಾಳೆ. "ಕೆಲವು ಮಕ್ಳಿಗೆ ಮೇಲೆ ಮೊದ್ಲು ಬರ್ತದೆ, ಕೆಲವಕ್ಕೆ ಕೆಳಗೆ. ಡಾಕ್ಟ್ರು ನೂರು ಸಲ ಹೇಳವ್ರೆ. ವಸಡು ನವೆ ಆಗ್ತದೆ, ಅದಕ್ಕೆ ಕೈಗ್ ಸಿಕ್ಕಿದ್ದೆಲ್ಲಾ ಕಚ್ತದೆ. ಕೈ ತೊಳ್ದು, ಒದ್ದೆ ಬಟ್ಟೆ ಬೆರಳಿಗೆ ಸುತ್ಕೊಂಡು ಮೆಲ್ಲಗೆ ಉಜ್ಜು. ಜ್ವರ ಜೋರಾಗಿ ಬಂದ್ರೆ ಹಲ್ಲಿನ ಜ್ವರ ಅಂತ ಮನೇಲಿ ಕೂತ್ಕೋಬೇಡ, ಇಲ್ಲಿಗ್ ತಾ."

ಆಂಜಿನಪ್ಪ ಪೂರ್ತಿ ನಂಬಿದಂತೆ ಕಾಣಲಿಲ್ಲ. ಆದರೆ ಕೂಸನ್ನು ಎತ್ತಿಕೊಂಡು ಹೊರಟ.

ಹೀಗೇ ಒಬ್ಬೊಬ್ಬರೂ. ಹಲ್ಲಿನಲ್ಲಿ ಹುಳ ಇದೆ ಎಂದು ಯಾರಿಂದಲೋ ಬಾಯಿಗೆ ಹೊಗೆ ಹಾಕಿಸಿ ತುಟಿ ಸುಟ್ಟುಕೊಂಡ ಹುಡುಗಿ. ಮಗನ ಹಲ್ಲು ಕಂದಾಗಿದೆಯೆಂದು ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಉಜ್ಜಿ ವಸಡಿನಲ್ಲಿ ರಕ್ತ ಬರಿಸಿದ ತಂದೆ. ಆ ಕಂದು ಬಣ್ಣ ಈ ಸೀಮೆಯ ಬಾವಿ ನೀರಿನದೇ ಇರಬೇಕೆಂದು ಡಾಕ್ಟರ ಅನುಮಾನ. ಎಷ್ಟು ಉಜ್ಜಿದರೂ ಅದು ಹೋಗದು, ವಸಡು ಮಾತ್ರ ಹೋದೀತು ಎಂದು ಗಂಗಮ್ಮ ತಂದೆಗೆ ತೆಲುಗಿನಲ್ಲಿ ದಬಾಯಿಸುತ್ತಾಳೆ. ಇನ್ನೊಬ್ಬಳು ತಾಯಿ ಅಳುವ ಮಗನಿಗೆ, "ಸುಮ್ನಿರ್ತೀಯೋ, ಡಾಕ್ಟ್ರ ಕೈಲಿ ಸೂಜಿ ಹಾಕ್ಸಲೋ?" ಎಂದಾಗ ಮಾತ್ರ ಆಕೆಯ ದನಿ ಏರುತ್ತದೆ.

"ನೀನು ಮನೇಲಿ ಹಿಂಗೆ ಗುಮ್ಮನ ಮಾಡಿ ಕರ್ಕೊಂಡ್ ಬಂದ್ರೆ ನಾನ್ ಹೆಂಗಮ್ಮಾ ಬಾಯಿ ತೆಗೆಸ್ಲಿ? ನೋವಾಗಲ್ಲ ಅಂತ ಸುಳ್ಳೂ ಹೇಳ್ಬೇಡ. ಸ್ವಲ್ಪ ನೋಯ್ತದೆ, ನಾನ್ ಇಲ್ಲೇ ಇರ್ತೀನಿ ಅನ್ನು. ಅಷ್ಟೇ."

ಹಾಲುಹಲ್ಲು ತಾನೆ, ಹೇಗೂ ಬಿದ್ದುಹೋಗುತ್ತದೆ ಎಂದು ಒಬ್ಬರು ವಾದ ಹೂಡಿದರು. ನಾನೂ ಮನೆಯಲ್ಲಿ ಹೂಡುವ ವಾದವೇ ಅದು. "ಸಂತೇಲಿ ಗೋಣಿ ಹಾಸಿ ಜಾಗ ಹಿಡೀತಾರಲ್ಲ," ಎಂದಳು ಗಂಗಮ್ಮ, "ಹಾಲುಹಲ್ಲು ಹಂಗೆ. ಹಿಂದೆ ಬರೋನಿಗೆ ಜಾಗ ಹಿಡ್ಕೊಂಡ್ ಕೂತಿರ್ತದೆ. ಹುಳುಕಾದ್ರೆ ಬೇರಿನ ತಾವ ಕೀವು ಕಟ್ತದೆ. ಕೀವಿಗೆ ಹಾಲುಹಲ್ಲು, ದೊಡ್ಡಹಲ್ಲು ಅಂತ ಭೇದ ಇಲ್ಲ."

ಆ ಮಾತು ಮುಗಿಯುವಷ್ಟರಲ್ಲಿ ಜಗಲಿಯ ಜನ ಎದ್ದು ದಾರಿ ಬಿಟ್ಟರು. ಪಕ್ಕದ ಹಳ್ಳಿಯ ರೈತ ಪೆದ್ದಪ್ಪ ಹೆಗಲ ಮೇಲೆ ಮಗಳನ್ನು ಹಾಕಿಕೊಂಡು ಬರುತ್ತಿದ್ದಾನೆ. ಹಿಂದೆ ಹೆಂಡತಿ ಶಾಮಲಮ್ಮ, ಬರಿಗಾಲಿನಲ್ಲಿ, ಓಡಿಬಂದ ಏದುಸಿರು. ಮಗಳು ಅನಸೂಯಳಿಗೆ ಐದು ವರ್ಷ. ಮುಖಕ್ಕೆ ಸುತ್ತಿದ ಟವಲು ಬಿಚ್ಚಿದಾಗ ನಾನು ಕಣ್ಣು ತಪ್ಪಿಸಿದೆ. ಎಡ ಕೆನ್ನೆಯಿಂದ ದವಡೆಯ ಕೆಳಗೆ, ಕತ್ತಿನವರೆಗೂ ಊದಿಕೊಂಡು, ಚರ್ಮ ಮಿರಮಿರ ಹೊಳೆಯುತ್ತಿದೆ. ಮಗು ಅಳುತ್ತಿಲ್ಲ. ಅಳಲು ಬಾಯಿ ತೆರೆಯಬೇಕಲ್ಲ.

ಗಂಗಮ್ಮ ನೆಲದ ಮೇಲೆ ಕಾಲು ಚಾಚಿ ಕೂತು ಮಡಿಲಿಗೆ ತೆಗೆದುಕೊಳ್ಳುತ್ತಾಳೆ. ಅಂಗೈಯ ಹಿಂಬದಿಯಿಂದ ಹಣೆ ಮುಟ್ಟಿ ನೋಡುತ್ತಾಳೆ. "ನೋರು ತೆರು ಬಂಗಾರು," ಬಾಯಿ ತೆಗಿ ಚಿನ್ನ, ಎಂದು ಕಿವಿಯ ಹತ್ತಿರ ಹೇಳುತ್ತಾಳೆ. ತುಟಿ ಕೊಂಚ ಬಿಡುತ್ತದೆ. ಕಿರುಬೆರಳನ್ನು ಕೆನ್ನೆಯ ಒಳಕ್ಕೆ ತೂರಿಸಿ ಏನನ್ನೋ ಹೊರಗೆ ಎಳೆಯುತ್ತಾಳೆ. ಬಿಳಿಯ ಸಣ್ಣ ಹರಳು, ಅರ್ಧ ಕರಗಿದೆ.

"ಏನಮ್ಮಾ ಇದು?"

"ಪಟಿಕ ಅಕ್ಕಾ. ನೀನೇ ಹೇಳಿದ್ಯಲ್ಲಾ," ಎನ್ನುತ್ತಾಳೆ ಶಾಮಲಮ್ಮ. "ಎರಡು ಸಂತೆ ಹಿಂದೆ ಬಂದಾಗ, ಪಟಿಕದ ನೀರಲ್ಲಿ ಬಾಯಿ ಮುಕ್ಕಳಿಸು ಅಂದೆ. ಇವಳು ಉಗೀತಿರ್ಲಿಲ್ಲ, ನುಂಗ್ಬಿಡೋಳು. ಅದ್ಕೇ ಕಲ್ಲನ್ನೇ ದವಡೇಲಿಟ್ಟು ಮಲಗಿಸ್ತಿದ್ದೆ. ಇಟ್ಟಾಗ ಸುಮ್ನಾಗ್ತಿದ್ಲು."

ಗಂಗಮ್ಮ ಆ ಹರಳನ್ನು ತನ್ನ ನಾಲಿಗೆಗೆ ತಾಗಿಸಿದಳು. ಅದು ಸಿಹಿಯಾಗಿತ್ತು.

ಇಲ್ಲಿ ಓದುಗರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ಪಟಿಕ ಎಂದರೆ ಕ್ಷೌರದವನು ಗಾಯಕ್ಕೆ ಸವರುವ ಒಗರು ಕಲ್ಲು. ವಸಡು ಗಟ್ಟಿಯಾಗಲೆಂದು ಅದರ ನೀರಿನಲ್ಲಿ ಬಾಯಿ ಮುಕ್ಕಳಿಸಿ ಉಗಿಯುವುದುಂಟು. ತೆಲುಗಿನಲ್ಲಿಯೂ ಅದು ಪಟಿಕವೇ. ಆದರೆ ಪಟಿಕ ಬೆಲ್ಲ ಎಂದರೆ ಕಲ್ಲುಸಕ್ಕರೆ. ಶಾಮಲಮ್ಮನ ಮನೆಯಲ್ಲಿ ಬೆಲ್ಲ ಎಂಬ ಬಾಲ ಕತ್ತರಿಸಿ, ಕಲ್ಲುಸಕ್ಕರೆಯನ್ನೇ ಪಟಿಕ ಎನ್ನುವ ರೂಢಿ. ಎರಡೂ ಬಿಳಿ, ಎರಡೂ ಹರಳು, ಅಂಗಡಿಯಲ್ಲಿ ಅಕ್ಕಪಕ್ಕದ ಡಬ್ಬಿಯಲ್ಲಿ ಇರುತ್ತವೆ. ಮಗುವಿನ ಬಾಯಿಗೆ ಎಂದು ಕೇಳಿದ ತಾಯಿಗೆ ಅಂಗಡಿಯವನು ಇನ್ನೇನು ಕೊಟ್ಟಾನು?

ಮಹಾಯುದ್ಧದ ಈ ದಿನಗಳಲ್ಲಿ ಸಕ್ಕರೆಗೇ ರೇಷನ್ ಚೀಟಿ ಹಿಡಿದು ನಿಲ್ಲಬೇಕು. "ನಮ್ಮನೆ ಕಾಫಿಗೂ ಬೆಲ್ಲವೇ," ಎಂದ ಪೆದ್ದಪ್ಪ. "ಇವಳ ಔಷಧಿಗೆ ಅಂತ ವರ್ಷದ ಹುಣಸೆಹಣ್ಣೆಲ್ಲಾ ಶ್ರೀನಿವಾಸಪುರದ ಅಂಗಡಿಗೆ ಹಾಕಿ ಪಟಿಕ ತಂದ್ವಿ." ಹುಳುಕು ಹಲ್ಲಿನ ಪಕ್ಕದಲ್ಲಿ, ಮಗು ನಿದ್ದೆ ಮಾಡುವಷ್ಟು ಹೊತ್ತೂ, ಕಲ್ಲುಸಕ್ಕರೆ. ಅದೂ ಎಷ್ಟು ಶ್ರದ್ಧೆಯಿಂದ.

ಕೋದಂಡರಾಮಪ್ಪನವರು ಬಂದು ನೋಡಿದರು. ಮುಖ ಬದಲಾಯಿಸಲಿಲ್ಲ, ಆದರೆ ಹೊರಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು. "ಬೇರಿನ ಕೀವು ಗಂಟಲ ಕಡೆ ಇಳೀತಾ ಇದೆ. ಉಸಿರಿನ ದಾರಿ ಕಟ್ಟಿದರೆ ನನ್ನ ಹತ್ತಿರ ಏನೂ ಇಲ್ಲ. ಕೋಲಾರದ ದೊಡ್ಡಾಸ್ಪತ್ರೆಗೆ ಈಗಲೇ ಹೊರಡಬೇಕು. ಅಲ್ಲಿ ಕೀವು ಒಣಗಿಸುವ ಸಲ್ಫಾ ಮಾತ್ರೆ ಇದೆ, ಕೊಯ್ದು ಕೀವು ತೆಗೆಯುತ್ತಾರೆ." ಆಮೇಲೆ ಗಂಗಮ್ಮನ ಕಡೆ ತಿರುಗಿ, "ನೀನೂ ಜೊತೇಲಿ ಹೋಗು," ಎಂದರು. ಅದನ್ನು ಹೇಳುವ ಅಗತ್ಯವಿರಲಿಲ್ಲ. ಆಕೆ ಆಗಲೇ ಎದ್ದಿದ್ದಳು.

ಬಸ್ಸು ಬಂತು, ಅವರ ಜೊತೆ ನಾನೂ ಹತ್ತಿದೆ. ಪೆಟ್ರೋಲಿಲ್ಲದ ಕಾಲದ ಬಸ್ಸು, ಹಿಂದೆ ಇದ್ದಿಲಿನ ದುಂಡನೆಯ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುವಂಥದ್ದು. ಏರು ಬಂದಲ್ಲೆಲ್ಲ ನಿಲ್ಲುತ್ತದೆ, ಒಬ್ಬನು ಇಳಿದು ಕಬ್ಬಿಣದ ಸರಳಿನಿಂದ ಇದ್ದಿಲು ಕೆದಕುತ್ತಾನೆ, ಮತ್ತೆ ಹೊರಡುತ್ತದೆ. ಅನಸೂಯ ಗಂಗಮ್ಮನ ಮಡಿಲಿನಲ್ಲಿ ಇದ್ದಾಳೆ. ಉಸಿರು ಎಳೆದಾಗ ಗಂಟಲಿನಲ್ಲಿ ಗೊರ ಗೊರ ಸದ್ದು. ಆ ಸದ್ದು ನಿಂತರೆ ಎಂದು ಭಯ, ನಿಲ್ಲದಿದ್ದರೂ ಭಯ.

ಹೋಳೂರಿನ ಹತ್ತಿರ ಮತ್ತೆ ಇದ್ದಿಲು ಕೆದಕಲು ನಿಂತಾಗ ಗಂಗಮ್ಮ ಬಾಯಿ ಬಿಟ್ಟಳು.

"ಶಾಮಲಮ್ಮಾ, ನೀನು ಬಾಯಿಗೆ ಇಟ್ಟಿದ್ದು ಔಷಧಿ ಅಲ್ಲ. ಕಲ್ಲುಸಕ್ಕರೆ. ನಾನ್ ಹೇಳಿದ್ದು ಒಗರು ಪಟಿಕ. ಅವತ್ತು ಇನ್ನೊಂದು ಮಗು ಮಡಿಲಲ್ಲಿ ಒದ್ದಾಡ್ತಿತ್ತು, ನಿನ್ನ ಮುಖಾನೂ ನೋಡ್ದೆ ಪಟಿಕ ಅಂತ ಒಂದ್ ಮಾತು ಎಸೆದ್ಬಿಟ್ಟೆ. ನಮ್ ಊರಲ್ಲೂ ಕಲ್ಲುಸಕ್ಕರೆಗೆ ಹಂಗೇ ಅಂತಾರೆ ಅನ್ನೋದು ನಂಗ್ ಗೊತ್ತಿತ್ತು. ತಪ್ಪು ನಿಂದಲ್ಲ. ನಂದು."

ಹುಳುಕು ಮೊದಲೇ ಇತ್ತು, ಸಿಹಿ ಇಡದಿದ್ದರೂ ಕೀವು ಕಟ್ಟುತ್ತಿತ್ತೇನೋ ಎಂದು ನಾನು ನಡುವೆ ಬಾಯಿ ಹಾಕಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಶಾಮಲಮ್ಮ ಗಂಗಮ್ಮನನ್ನು ನೋಡಿದಳು. ಬಯ್ಯಲಿಲ್ಲ, ಅಳಲಿಲ್ಲ. ಬಾಗಿ, ಮಗಳನ್ನು ಆ ಮಡಿಲಿನಿಂದ ಎತ್ತಿ ತನ್ನ ಮಡಿಲಿಗೆ ಹಾಕಿಕೊಂಡು, ಮುಖ ಕಿಟಕಿಯ ಕಡೆ ತಿರುಗಿಸಿದಳು. ಗಂಗಮ್ಮನ ಎರಡು ಕೈ ಬರಿದಾಗಿ ಮೊಣಕಾಲ ಮೇಲೆ ಬಿದ್ದುಕೊಂಡಿದ್ದವು. ಕೋಲಾರ ಬರುವವರೆಗೂ ಆಕೆ ಅವನ್ನು ಕದಲಿಸಲಿಲ್ಲ. ಆಕೆಯನ್ನು ನೋಡಿ ನನಗೆ ಸಂಕಟವಾಯಿತು, ಶಾಮಲಮ್ಮನ ಮೇಲೂ ಕೋಪ ಬರಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಕಾಯಿಸಲಿಲ್ಲ. ಮಗುವಿಗೆ ಕ್ಲೋರೋಫಾರಂ ಕೊಟ್ಟು, ದವಡೆಯ ಕೆಳಗೆ ಕೊಯ್ದು ಕೀವು ತೆಗೆಯಬೇಕು, ಹಲ್ಲನ್ನೂ ಕೀಳಬೇಕು ಎಂದರು. ಮದ್ದಿನ ಬಟ್ಟೆ ಮುಖದ ಹತ್ತಿರ ಬಂದಾಗ ಅನಸೂಯ, ಅಷ್ಟು ಹೊತ್ತು ಕಣ್ಣು ಮುಚ್ಚಿ ಬಿದ್ದಿದ್ದವಳು, ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಒದ್ದಾಡತೊಡಗಿದಳು. ಮೇಜಿನ ಮೇಲೆ ಟ್ರೇ ಟಣಟಣ ಎಂದಿತು. ಪೆದ್ದಪ್ಪ ಕಾಲು ಹಿಡಿದ. ಶಾಮಲಮ್ಮ ತಲೆ ಹಿಡಿಯಲು ಹೋದಳು, ಮಗು ಕೊಸರಿದ ರಭಸಕ್ಕೆ ಕೈ ಜಾರಿತು. ಒದ್ದಾಡಿದಷ್ಟೂ ಉಸಿರು ಕಟ್ಟುತ್ತದೆ, ಬೇಗ, ಬೇಗ ಎಂದರು ಅಲ್ಲಿನ ಡಾಕ್ಟರು. ಮಗುವಿನ ತುಟಿ ನೀಲಿಯಾಗುತ್ತಿತ್ತು.

ಗಂಗಮ್ಮ ಬಾಗಿಲಿನ ಆಚೆ ನಿಂತಿದ್ದಾಳೆ. ಒಳಗೆ ಬರುತ್ತಿಲ್ಲ. ಕರೆಯದೆ ಬರುವ ಹಕ್ಕು ತನಗಿಲ್ಲ ಎಂಬಂತೆ ಚೌಕಟ್ಟು ಹಿಡಿದುಕೊಂಡಿದ್ದಾಳೆ.

ಶಾಮಲಮ್ಮ ತಿರುಗಿದಳು. "ಅಕ್ಕಾ," ಎಂದಳು, "ಒಡಿಲೋ ಪೆಟ್ಟುಕೋ." ನಿನ್ನ ಮಡಿಲಲ್ಲಿ ಇಟ್ಟುಕೋ.

ಗಂಗಮ್ಮ ಮೇಜಿನ ತಲೆಭಾಗಕ್ಕೆ ಹತ್ತಿ ಕೂತಳು. ಮಗುವಿನ ತಲೆ ಮಡಿಲಿಗೆ ಬಂತು, ಎರಡು ಅಂಗೈ ಎರಡು ಕಿವಿಯ ಮೇಲೆ ಕೂತವು. ಬಾಗಿ ಏನೋ ಹೇಳುತ್ತಾ ಹೋದಳು, ನನಗೆ ಕೇಳಿಸಲಿಲ್ಲ. ಅನಸೂಯ ತುಟಿಯ ಬಳಿ ಸಿಕ್ಕ ಆಕೆಯ ಹೆಬ್ಬೆರಳಿನ ತುದಿಯನ್ನು ಮುಂಹಲ್ಲಿನಿಂದ ಕಚ್ಚಿ ಹಿಡಿದಳು. ಗಂಗಮ್ಮ ಬೆರಳು ಬಿಡಿಸಿಕೊಳ್ಳಲಿಲ್ಲ. ಹಿಡಿತ ತಾನಾಗಿ ಸಡಿಲವಾದಾಗ ಮಗು ಮದ್ದಿನ ನಿದ್ದೆಗೆ ಇಳಿದಿತ್ತು.

ನಮ್ಮನ್ನು ಹೊರಗೆ ಕಳಿಸಿದರು. ಹೊಂಗೆ ಮರದ ಕೆಳಗೆ ಪೆದ್ದಪ್ಪ ಕೂತೇ ಇದ್ದ. ಕೊನೆಗೂ ಹೊರಬಂದ ಡಾಕ್ಟರು, ಕೀವು ಹೊರಗೆ ಬಂದಿದೆ, ಉಸಿರು ಸಲೀಸಾಗಿದೆ, ಆದರೆ ಜ್ವರ ಇಳಿಯುವವರೆಗೂ ಏನೂ ಹೇಳುವ ಹಾಗಿಲ್ಲ ಎಂದರು. ಆ ಉತ್ತರವನ್ನೇ ಕಟ್ಟಿಕೊಂಡು ನಾನು ಬೆಂಗಳೂರಿಗೆ ಮರಳಬೇಕಾಯಿತು. ಮನೆಗೆ ಬಂದವನು ಮಲಗಿದ್ದ ಮಗಳ ಕೆನ್ನೆ ಮುಟ್ಟಿ ಮುಟ್ಟಿ ನೋಡಿ ಅವಳನ್ನು ಎಬ್ಬಿಸಿಬಿಟ್ಟೆ. ಮಾರನೆಯ ಬೆಳಿಗ್ಗೆ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆ.

ಜ್ವರ ಇಳಿದ ಸುದ್ದಿ ತಿಳಿಯಲು ಕೆಲವು ದಿನಗಳ ಬಳಿಕ ನಾನು ಮತ್ತೆ ಈ ಔಷಧಾಲಯಕ್ಕೇ ಬರಬೇಕಾಯಿತು. ಕೋಳಿ ಕೂಗಿದ ಹೊತ್ತು, ಅದೇ ಒಲೆ, ಅದೇ ತಪ್ಪಲೆ, ಬಟ್ಟೆ ಸುತ್ತಿದ ಅದೇ ಇಕ್ಕಳಗಳು. ಗಂಗಮ್ಮನ ಹೆಬ್ಬೆರಳಿನಲ್ಲಿ ಒಂದು ಗುರುತು ಹೊಸದು. ಸೆರಗಿನ ತುದಿಯಲ್ಲಿ ಒಂದು ಗಂಟು, ಗಂಟಿನೊಳಗೆ ಒಂದು ಬಿಳಿ ಹರಳು. ಈಗ ಪಟಿಕ ಎಂಬ ಪದವನ್ನು ಆಕೆ ಬರಿದೇ ಹೇಳುವುದಿಲ್ಲ. ತಾಯಿಯಾಗಲಿ ತಂದೆಯಾಗಲಿ, ಹರಳನ್ನು ತೊಳೆದು ಚೂರು ಮುರಿದು ನಾಲಿಗೆಗೆ ಮುಟ್ಟಿಸುತ್ತಾಳೆ, ಹೇಗಿದೆ ಎಂದು ಕೇಳುತ್ತಾಳೆ. ಒಗರು ಎಂದು ಅವರ ಬಾಯಿಂದ ಬಂದ ಮೇಲೆಯೇ ಮುಂದಿನ ಮಾತು. ಕರಗಿಸಿ ಮುಕ್ಕಳಿಸಿ ಉಗಿಯುವುದು, ನುಂಗುವ ವಯಸ್ಸಿನ ಮಕ್ಕಳಿಗೆ ಬೇಡವೇ ಬೇಡ, ಮಲಗಿದ ಮಗುವಿನ ಬಾಯಲ್ಲಿ ಏನನ್ನೂ ಇಡಬಾರದು. ನನ್ನ ನಾಲಿಗೆಯನ್ನೂ ಬಿಡಲಿಲ್ಲ. ಮುಖ ಹಿಂಡಿಕೊಂಡು ಒಗರು ಎಂದೆ.

ಬಿಸಿಲು ಏರುವಾಗ ಶಾಮಲಮ್ಮ ಬಂದಳು, ಗಾಯ ತೋರಿಸಲು. ಅನಸೂಯ ನಡೆದೇ ಬಂದಿದ್ದಾಳೆ. ದವಡೆಯ ಕೆಳಗೆ ಪಟ್ಟಿ, ಮುಖ ಇಳಿದು ಸಣ್ಣದಾಗಿದೆ, ಕಣ್ಣಿನಲ್ಲಿ ಬೆಳಕಿದೆ. ಜಗಲಿಯಲ್ಲಿ ಹೊಸ ತಾಯಿಯೊಬ್ಬಳು ನಾಲಿಗೆ ಚಾಚಲು ನಾಚುತ್ತಿದ್ದಳು. ಶಾಮಲಮ್ಮ ಅವಳ ಪಕ್ಕ ಕೂತು, ತೆಲುಗಿನಲ್ಲಿ, "ನೆಕ್ಕಿ ನೋಡು. ಸಿಹಿ ಇದ್ರೆ ಅದಲ್ಲ," ಎಂದಳು. ಅಷ್ಟೇ ಹೇಳಿದಳು. ಆ ಹೊತ್ತಿಗೆ ಅನಸೂಯ ಯಾರೂ ಹೇಳದೆ ಹೋಗಿ ಗಂಗಮ್ಮನ ಮಡಿಲಿನಲ್ಲಿ ತಲೆ ಇಟ್ಟು ಬಾಯಿ ತೆರೆದಿದ್ದಳು.

ಹೊರಡುವ ಮುಂಚೆ ನಾನು ಕೇಳಿದೆ. ಪತ್ರಿಕೆಯಲ್ಲಿ ನಿನ್ನ ವಿಷಯ ಬರುತ್ತದೆ, ಏನಾದರೂ ಬೇಕೆಂದು ಬರೆಯಲೇ? ಈ ನಡುವಿನ ಕಥೆಯನ್ನು ಬೇಕಾದರೆ ಕೈಬಿಡುತ್ತೇನೆ, ಒಳ್ಳೆಯದನ್ನಷ್ಟೇ ಹಾಕುತ್ತೇನೆ ಎಂದೂ ಹೇಳಿದೆ.

ಗಂಗಮ್ಮ ಸೆರಗಿನ ಗಂಟು ಬಿಗಿ ಮಾಡಿಕೊಂಡಳು.

"ಬಿಡ್ಬೇಡಿ ಸ್ವಾಮಿ. ಅದನ್ನೇ ಬರೀರಿ. ಓದೋಕ್ ಬರೋರು ಬರ್ದೇ ಇರೋರಿಗೆ ಓದಿ ಹೇಳ್ಲಿ. ಪಟಿಕ ಅಂದ್ರೆ ಒಗರು. ನೆಕ್ಕಿ ನೋಡ್ದೆ ಮಗು ಬಾಯಿಗೆ ಏನೂ ಹಾಕ್ಬೇಡಿ ಅಂತ. ತಪ್ಪು ಹೇಳಿದ್ದು ಲಕ್ಕೂರು ಗಂಗುಲಪ್ಪನ ಹೆಂಡ್ತಿ ದೊಡ್ಡಗಂಗಮ್ಮ ಅಂತ ಹೆಸರು ಹಾಕಿ ಬರೀರಿ. ಯಾರೋ ಅಂದ್ರೆ ಜನ ಮರೀತಾರೆ. ಹೆಸರಿದ್ರೆ ನೆಪ್ಪಿರ್ತದೆ."

ಹಾಕಿದ್ದೇನೆ.